ಬಾಗಿಲು ಎಳೆದು ನೋಡಿದ್ರಾ?

ನಮ್ಮ ಮಾವನವರಿಗೆ ಒಂದು ಅಭ್ಯಾಸ. ಕಾರಿನಿಂದ ಇಳಿದ ಮೇಲೆ ನಾಲ್ಕೂ ಬಾಗಿಲನ್ನು ಒಂದೊಂದಾಗಿ ಎಳೆದು ನೋಡುತ್ತಾರೆ. ಆಮೇಲೆ ಡಿಕ್ಕಿ. ನಾನು ರಿಮೋಟ್ ಒತ್ತಿ, ಕಾರು 'ಕೀಂಕ್' ಅಂದು, ಇಂಡಿಕೇಟರ್ ಮಿನುಗಿದ ಮೇಲೂ ಅವರ ಪ್ರದಕ್ಷಿಣೆ ತಪ್ಪುವುದಿಲ್ಲ. "ಮಾವ, ಅದು ಸೆಂಟ್ರಲ್ ಲಾಕು, ಒಂದ್ಸಲ ಒತ್ತಿದ್ರೆ ಎಲ್ಲಾ ಬೀಳುತ್ತೆ" ಅಂತ ಎಷ್ಟು ಸಲ ಹೇಳಿದ್ದೇನೋ. "ಬೀಳಲಿ ಬಿಡಿ ಅಳಿಯಂದ್ರೆ, ನಾನೂ ಒಂದ್ಸಲ ನೋಡ್ತೀನಿ" ಅನ್ನುತ್ತಾರೆ ಅಷ್ಟೇ.

ಅವರು ಕೆಜಿಎಫ್ ಗಣಿಯಲ್ಲಿ ವೈಂಡಿಂಗ್ ಇಂಜಿನ್ ಡ್ರೈವರ್ ಆಗಿದ್ದವರು. ಅಂದರೆ ಗಣಿಯ ಬಾವಿಯೊಳಕ್ಕೆ ಜನರನ್ನು ಇಳಿಸುವ, ಮೇಲೆತ್ತುವ ಯಂತ್ರ ನಡೆಸುವವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಗೆ ಬಂದು ನೆಲೆಸಿದರು.

ಒಂದು ದಿನ ಮಾತ್ರ ಆ ಪ್ರದಕ್ಷಿಣೆ ತಪ್ಪಿತು. ಒಂದು ಜಾತ್ರೆಗೆ ಹೋಗಿದ್ದೆವು. ಮೊಮ್ಮಗಳು ಹಠ ಮಾಡಿದಳು ಅಂತ ಮಾವ ಅವಳನ್ನು ಎತ್ತಿಕೊಂಡು ಮುಂದೆ ನಡೆದುಬಿಟ್ಟರು. ನಾನು ನಡೆಯುತ್ತಲೇ ಹಿಂದಕ್ಕೆ ಕೈ ಮಾಡಿ ರಿಮೋಟ್ ಒತ್ತಿದೆ. ಸದ್ದು ಕೇಳಿತೋ ಇಲ್ಲವೋ, ಆ ಗಲಾಟೆಯಲ್ಲಿ ಗೊತ್ತಾಗಲಿಲ್ಲ. ವಾಪಸು ಬಂದಾಗ ಹಿಂದಿನ ಸೀಟಿನಲ್ಲಿದ್ದ ಬ್ಯಾಗು ಇರಲಿಲ್ಲ. ಗಾಜು ಒಡೆದಿಲ್ಲ, ಬೀಗಕ್ಕೆ ಒಂದು ಗೀರೂ ಇಲ್ಲ. ಬ್ಯಾಗಿನಲ್ಲಿ ದುಡ್ಡು ಇರಲಿಲ್ಲ. ಇದ್ದಿದ್ದು ಮಾವನ ಸರ್ವೀಸು ಕಾಗದಗಳು, ಕ್ವಾರ್ಟರ್ಸಿಗೆ ಸಂಬಂಧಪಟ್ಟ ಹಳೆಯ ಪತ್ರಗಳು, ಎಲ್ಲಾ ಒರಿಜಿನಲ್ಲು. ಜೆರಾಕ್ಸ್ ಮಾಡಿಸೋಣ ಅಂತಲೇ ತಂದಿದ್ದೆವು. ಕಳ್ಳನಿಗೆ ಅದು ರದ್ದಿ, ನಮಗೆ ಮೂವತ್ತು ವರ್ಷದ ದುಡಿಮೆಯ ಸಾಕ್ಷಿ.

ಮಾವ ಬೈಯಲಿಲ್ಲ. "ಬೀಗ ಬಿದ್ದಿತ್ತಾ?" ಅಂತ ಒಂದೇ ಒಂದು ಸಲ ಕೇಳಿದರು. "ಒತ್ತಿದ್ದೆ" ಅಂದೆ. ಒತ್ತುವುದು ಬೇರೆ, ಬೀಳುವುದು ಬೇರೆ ಅಂತ ಅವತ್ತು ಗೊತ್ತಾಯಿತು. ಆಮೇಲೆ ಈ ಬೀಗಗಳ ಚರಿತ್ರೆ ಹುಡುಕಿಕೊಂಡು ಓದಿದೆ. ಓದುತ್ತಾ ಹೋದಂತೆ ಅದು ನಮ್ಮ ಗಣಿಯ ಕಥೆಯ ಹಾಗೇ ಕಾಣತೊಡಗಿತು.

ಚಿನ್ನದ ಊರಿನ ಬೀಗ

ಬಂಗಾರಪೇಟೆ ಅಂದ ಕೂಡಲೇ ಇಲ್ಲೇ ಬಂಗಾರ ಅಗೆಯುತ್ತಿದ್ದರು ಅಂದುಕೊಳ್ಳುವವರು ಬಹಳ. ಇದು ಅಸಲಿಗೆ ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಎಲ್.ಬಿ. ಬೌರಿಂಗ್ ಹೆಸರಿನ ಊರು. (ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೂ ಅವನದೇ ಹೆಸರು.) ಚಿನ್ನ ಇದ್ದದ್ದು ಇಲ್ಲಿಂದ ಆಚೆ ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆ. 1873ರಲ್ಲಿ ಲವೆಲ್ ಎಂಬ ಐರಿಷ್ ಮಾಜಿ ಸೈನಿಕ ಮೈಸೂರು ಸರ್ಕಾರವನ್ನು ಗಣಿಗೆ ಅನುಮತಿ ಕೇಳಿದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಮುಂದಿನ ನೂರಿಪ್ಪತ್ತು ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಆ ನೆಲದಿಂದ ಹೊರಗೆ ಹೋಯಿತು.

ಇಷ್ಟು ಚಿನ್ನ ಇದ್ದ ಕಡೆ ಬೀಗ ಎಷ್ಟು ದೊಡ್ಡದಿದ್ದಿರಬೇಕು ಅಂತ ಯಾರಿಗಾದರೂ ಅನಿಸುತ್ತೆ. ಆದರೆ ಕಂಪನಿಯವರ ತಲೆನೋವು ಬೀಗ ಹಾಕಿದ ಖಜಾನೆಯಲ್ಲ. ಬಂಡೆಯನ್ನು ಒಡೆದು, ಗಿರಣಿಯಲ್ಲಿ ಪುಡಿ ಮಾಡಿ, ನೀರಿನ ಜೊತೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿದರೆ ಚಿನ್ನ ಪಾದರಸಕ್ಕೆ ಅಂಟುತ್ತದೆ. ಆ ಮುದ್ದೆಯನ್ನು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಈ ದಾರಿಯಲ್ಲಿ ಪ್ರತಿ ಹೆಜ್ಜೆಗೂ ಯಾರದೋ ಕೈ ಬೇಕು. ಆ ಕೈಯವರು ಬಾಗಿಲು ಒಡೆದು ಒಳಗೆ ಬಂದವರಲ್ಲ, ಬಾಗಿಲಲ್ಲೇ, ಅನುಮತಿ ಪಡೆದೇ ಬಂದವರು. ಅಂಥ ಕಡೆ ಬೀಗ ಏನು ಮಾಡೀತು?

ಅದಕ್ಕೇ ಅಲ್ಲಿ ಕಾಯುವ ವಿಧಾನಗಳೇ ಬೇರೆಯಾದವು. 1897ರ ಮೈಸೂರು ಗಣಿ ಕಾನೂನು, ಲೆಕ್ಕ ಹೇಳಲಾಗದ ಗಣಿಯ ಮಾಲು ಕೈಯಲ್ಲಿ ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತು. (ಅದೇ 1897ರಲ್ಲೇ ಬೊಂಬಾಯಿಯಲ್ಲಿ ಅರ್ದೇಶಿರ್ ಗೋದ್ರೆಜ್ ಬೀಗ ತಯಾರಿಸಲು ಶುರು ಮಾಡಿದ್ದು!) ಕೂಲಿಗಳ ಮಣಿಕಟ್ಟಿಗೆ ನಂಬರಿನ ಪಟ್ಟಿ ಕಟ್ಟಿಸಿದ ಕಾಲವೂ ಇತ್ತು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಗಣಿಯಲ್ಲಿ ದೊಡ್ಡ ಮುಷ್ಕರವೇ ಆಯಿತು. ನ್ಯಾಯವೇ. ಭೂಮಿಯೊಳಗೆ ಜೀವ ಪಣಕ್ಕಿಟ್ಟು ದುಡಿಯುವವನನ್ನು ದಿನವೂ ಕಳ್ಳನ ಹಾಗೆ ನೋಡಿದರೆ ಯಾರು ಸಹಿಸುತ್ತಾರೆ?

ಆ ಅವಮಾನದ ಕಥೆ ಬೇರೆಯೇ ಬರೆಯಬೇಕು. ಇಲ್ಲಿಗೆ ಬೇಕಾದ್ದು ಇಷ್ಟು: ಗಣಿಯ ಕಾವಲು ಮೂರು ಪ್ರಶ್ನೆ ಕೇಳುತ್ತಿತ್ತು. ನಿನ್ನ ಕೈಯಲ್ಲಿ ಏನಿದೆ? ನಿನ್ನ ನಂಬರ್ ಏನು? ನೀನು ಯಾರು? ಕಾರಿನ ಬಾಗಿಲೂ ನೂರು ವರ್ಷದಲ್ಲಿ ಇವೇ ಪ್ರಶ್ನೆಗಳನ್ನು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಕೇಳುತ್ತಾ ಬಂದಿದೆ.

ಕೈಯಲ್ಲಿ ಏನಿದೆ?

ಮೊದಮೊದಲ ಕಾರುಗಳಿಗೆ ಬೀಗ ಹಾಕಲು ಸರಿಯಾದ ಬಾಗಿಲೇ ಇರಲಿಲ್ಲ. ಮೇಲ್ಛಾವಣಿ ಬಟ್ಟೆಯದು, ಬಾಗಿಲು ಮೊಣಕಾಲೆತ್ತರ. ಫೋರ್ಡ್‌ನವರ ಪ್ರಸಿದ್ಧ ಮಾಡೆಲ್ ಟಿ ಕಾರಿನ ಸ್ವಿಚ್ಚಿಗೆ ಕೀ ಬಂದಾಗಲೂ ಆ ಕೀಗಳಲ್ಲಿ ಇದ್ದದ್ದು 24 ಬಗೆ ಮಾತ್ರ. ಲಕ್ಷಗಟ್ಟಲೆ ಕಾರು, 24 ಕೀ! ಪೂರ್ತಿ ಮುಚ್ಚಿದ ಕಾರುಗಳು ಸಾಮಾನ್ಯವಾದ ಮೇಲೆ ಬಾಗಿಲಿನ ಬೀಗಕ್ಕೂ ಅರ್ಥ ಬಂತು.

ನಮ್ಮ ಕಡೆ ರಸ್ತೆಗಳಲ್ಲಿ ಬಹುಕಾಲ ಓಡಾಡಿದ ಅಂಬಾಸಡರ್, ಫಿಯೆಟ್ ಮತ್ತು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಇವೆಲ್ಲ ಕೀಯ ಹಲ್ಲನ್ನು ನಂಬುತ್ತಿದ್ದ ಕಾರುಗಳು. ಕಾರಿನ ಬೀಗದೊಳಗೆ ಸಾಮಾನ್ಯವಾಗಿ ಸಣ್ಣ ಸಣ್ಣ ತಗಡಿನ ಬಿಲ್ಲೆಗಳು ಸ್ಪ್ರಿಂಗಿನ ಮೇಲೆ ಕೂತಿರುತ್ತವೆ. ಸರಿಯಾದ ಕೀ ಹೋದರೆ ಎಲ್ಲ ಬಿಲ್ಲೆಗಳೂ ಒಂದೇ ಸಮಕ್ಕೆ ಬಂದು ಬೀಗ ತಿರುಗುತ್ತದೆ. ಲೆಕ್ಕ ಹಾಕಿ: ಐದು ಬಿಲ್ಲೆ, ಒಂದೊಂದಕ್ಕೆ ನಾಲ್ಕು ಎತ್ತರ ಅಂದರೆ ಒಟ್ಟು 1024 ಬಗೆ ಕೀ ಅಷ್ಟೇ. ಬಿಲ್ಲೆ ಸವೆದರೆ ಇನ್ನೂ ಕಮ್ಮಿ. ಹಳೆಯ ಕಾರೊಂದು ಬೇರೆ ಯಾರದೋ ಕೀಗೆ ತೆರೆದುಕೊಂಡರೆ ಅದು ಪವಾಡವಲ್ಲ, ಸವೆತ.

ಕಳ್ಳನಿಗೆ ಅಷ್ಟು ಕಷ್ಟವೂ ಬೇಕಿರಲಿಲ್ಲ. ಕಿಟಕಿಯ ಗಾಜಿನ ಪಕ್ಕದ ರಬ್ಬರಿನಲ್ಲಿ ಸ್ಟೀಲ್ ಸ್ಕೇಲ್ ಇಳಿಸಿ ಒಳಗಿನ ಸರಳು ಎಳೆದರೆ ಆಯಿತು. ಇಲ್ಲವೇ ಕುಣಿಕೆ ಹಾಕಿದ ತಂತಿಯಿಂದ ಅಣಬೆಯಂಥ ಆ ಗುಬುಟನ್ನು ಮೇಲಕ್ಕೆತ್ತಿದರೆ ಆಯಿತು. (ಕೀ ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡ ನಾವೂ ಮೆಕ್ಯಾನಿಕ್ಕಿನಿಂದ ಇದನ್ನೇ ಮಾಡಿಸಿದ್ದೇವೆ, ಅಲ್ವಾ?) ಮುಂದೆ ಬಂದ ಕಾರುಗಳಲ್ಲಿ ಆ ಗುಬುಟು ತೆಳ್ಳಗಾಗಿ, ಕುಣಿಕೆಗೆ ಸಿಗದ ಹಾಗೆ ನುಣ್ಣಗಾಗಿ, ಕೊನೆಗೆ ಮಾಯವೇ ಆಯಿತು.

ನಂಬರ್ ಏನು?

ಒಂದು ಗುಂಡಿಗೆ ಎಲ್ಲ ಬಾಗಿಲೂ ಬೀಳುವ ವಿದ್ಯುತ್ ಬೀಗ ಅಮೆರಿಕದ ಪ್ಯಾಕರ್ಡ್ ಕಾರಿನಲ್ಲಿ 1956ರಲ್ಲಿ ಬಂತು. ದೂರದಿಂದಲೇ ತೆರೆಯುವ ರಿಮೋಟ್ 1982ರಲ್ಲಿ ಫ್ರಾನ್ಸಿನ ರೆನೋ ಫ್ಯೂಗೋ ಕಾರಿನ ಜೊತೆ ಬಂತು. ಇಲ್ಲಿಂದ ಬೀಗ ಹಲ್ಲನ್ನು ಬಿಟ್ಟು ನಂಬರನ್ನು ನಂಬಲು ಶುರು ಮಾಡಿತು.

ಹಳೆಯ ರಿಮೋಟುಗಳಲ್ಲಿ ಆ ನಂಬರು ಯಾವಾಗಲೂ ಒಂದೇ. ಯಾರಾದರೂ ಪಕ್ಕದಲ್ಲಿ ನಿಂತು ರೇಡಿಯೋದಲ್ಲಿ ಅದನ್ನು ಹಿಡಿದಿಟ್ಟುಕೊಂಡು ಮತ್ತೆ ನುಡಿಸಿದರೆ ಕಾರು ತೆರೆದುಕೊಳ್ಳುತ್ತಿತ್ತು. ಮಣಿಕಟ್ಟಿನ ಪಟ್ಟಿಯ ದೌರ್ಬಲ್ಯವೂ ಇದೇ. ಕಾವಲುಗಾರ ಪಟ್ಟಿಯ ನಂಬರ್ ನೋಡುತ್ತಾನೆ, ಮುಖ ನೋಡುವುದಿಲ್ಲ.

ಪರಿಹಾರವಾಗಿ ಬಂದದ್ದು ಪ್ರತಿ ಸಲ ಬದಲಾಗುವ ನಂಬರು. ಕಾರಿಗೂ ರಿಮೋಟಿಗೂ ಮಾತ್ರ ಗೊತ್ತಿರುವ ಗುಟ್ಟಿನ ಲೆಕ್ಕದಿಂದ ಹೊಸ ನಂಬರು ಹುಟ್ಟುತ್ತದೆ, ಒಮ್ಮೆ ಬಳಸಿದ್ದನ್ನು ಕಾರು ಮತ್ತೆ ಒಪ್ಪುವುದಿಲ್ಲ. ಇದರಲ್ಲಿ ಬಹಳ ಹೆಸರಾದದ್ದು ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದಲ್ಲಿ ಹುಟ್ಟಿದ ಕೀಲಾಕ್. ಮಗು ಮನೆಯಲ್ಲಿ ಕೂತು ರಿಮೋಟನ್ನು ಸುಮ್ಮನೆ ಒತ್ತಿದರೆ ಲೆಕ್ಕ ಮುಂದೆ ಹೋಗುತ್ತದಲ್ಲ, ಅದಕ್ಕೇ ಮುಂದಿನ 16 ನಂಬರುಗಳವರೆಗೆ ಕಾರು ತಕರಾರಿಲ್ಲದೆ ಒಪ್ಪುತ್ತದೆ. ಅದಕ್ಕಿಂತ ಮುಂದೆ ಹೋಗಿದ್ದರೆ ಎರಡು ಸಲ ಒತ್ತಬೇಕಾಗುತ್ತದೆ.

ಇದು ಎಂದೂ ಮುರಿಯದ ಬೀಗ ಅಂದುಕೊಂಡಿದ್ದರು. 2007-08ರಲ್ಲಿ ಯುರೋಪಿನ ಸಂಶೋಧಕರು ಮುರಿದು ತೋರಿಸಿದರು. ಇದೇನೂ ಹೊಸತಲ್ಲ. 1851ರ ಲಂಡನ್ ಮಹಾ ಪ್ರದರ್ಶನದ ಹೊತ್ತಿಗೆ ಹಾಬ್ಸ್ ಎಂಬ ಅಮೆರಿಕದ ಬೀಗತಜ್ಞ, ಯಾರೂ ತೆರೆಯಲಾರರು ಅಂತ ಪಂಥ ಕಟ್ಟಿದ್ದ ಬ್ರಾಮಾ ಬೀಗವನ್ನು 16 ದಿನದಲ್ಲಿ ಒಟ್ಟು 51 ಗಂಟೆ ಕೂತು ತೆರೆದಿದ್ದ. ಬೀಗದ ದೋಷ ಬಹಿರಂಗ ಮಾಡುವುದು ಸರಿಯೋ ತಪ್ಪೋ ಅಂತ ಆಗಲೂ ಜಗಳವಾಯಿತು, ಈಗಲೂ ಆಗುತ್ತದೆ. ನನ್ನ ಪ್ರಕಾರ ಹೇಳುವುದೇ ಸರಿ. ಕಳ್ಳನಿಗೆ ಹೇಗೂ ಗೊತ್ತಾಗುತ್ತದೆ, ಗೊತ್ತಿಲ್ಲದೆ ಉಳಿಯುವವನು ಮಾಲೀಕ ಒಬ್ಬನೇ.

ಲೆಕ್ಕ ಮುರಿಯಲು ತಲೆ ಬೇಕು. ಆದರೆ ಲೆಕ್ಕಕ್ಕೇ ಕೈ ಹಾಕದ ಇನ್ನೊಂದು ದಾರಿ ಇದೆ. ನಮ್ಮ ದೇಶದ ಕಾರ್ ರಿಮೋಟುಗಳು ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮಾತಾಡುತ್ತವೆ. ಅದೇ ಅಲೆಯಲ್ಲಿ ಯಾರಾದರೂ ಜೋರಾಗಿ ಗದ್ದಲ ಎಬ್ಬಿಸಿದರೆ ನಿಮ್ಮ ರಿಮೋಟಿನ ಮಾತು ಕಾರಿಗೆ ಕೇಳುವುದಿಲ್ಲ. ನೀವು ಒತ್ತಿರುತ್ತೀರಿ, ಬೀಗ ಬಿದ್ದಿರುವುದಿಲ್ಲ. ನೀವು ತಿರುಗಿ ನೋಡದೆ ಹೋದರೆ ಬಾಗಿಲು ತೆರೆದೇ ಇರುತ್ತದೆ. 2015ರಲ್ಲಿ ಸ್ಯಾಮಿ ಕಾಮ್‌ಕಾರ್ ಎಂಬ ಸಂಶೋಧಕ ಇನ್ನೂ ಮುಂದೆ ಹೋಗಿ, ಹೀಗೆ ತಡೆದ ನಂಬರನ್ನು ಎತ್ತಿಟ್ಟುಕೊಂಡು ಆಮೇಲೆ ಬಳಸಬಹುದು ಅಂತ ತೋರಿಸಿದ.

ನಮ್ಮ ಜಾತ್ರೆಯ ದಿನ ಆದದ್ದು ಇದೇನಾ? ಅಥವಾ ನನ್ನ ಬೆರಳು ಸರಿಯಾಗಿ ಒತ್ತಲೇ ಇಲ್ಲವಾ? ಇವತ್ತಿಗೂ ಹೇಳಲಾರೆ. ಎರಡಕ್ಕೂ ಮದ್ದು ಒಂದೇ ಆಗಿತ್ತು: ಎರಡು ಹೆಜ್ಜೆ ಹಿಂದೆ ಬಂದು ಹಿಡಿ ಎಳೆಯುವುದು.

ಎಷ್ಟು ದೂರದಲ್ಲಿದ್ದೀಯ?

ಈಗಿನ ಕಾರುಗಳಲ್ಲಿ ಒತ್ತುವುದೂ ಬೇಡ. ಕೀ ಜೇಬಿನಲ್ಲಿದ್ದರೆ ಸಾಕು, ಹಿಡಿ ಮುಟ್ಟಿದ ಕೂಡಲೇ ಬಾಗಿಲು ತೆರೆಯುತ್ತದೆ. 1998ರಲ್ಲಿ ಮರ್ಸಿಡಿಸ್ ದುಬಾರಿ ಕಾರಿನಲ್ಲಿ ಬಂದದ್ದು ಈಗ ಸಾಧಾರಣ ಕಾರುಗಳಿಗೂ ಇಳಿದಿದೆ. ಕಾರು ಒಂದೆರಡು ಮೀಟರ್ ಮಾತ್ರ ತಲುಪುವ ಸಣ್ಣ ಅಲೆಯಲ್ಲಿ "ಇದ್ದೀಯಾ?" ಅಂತ ಕೇಳುತ್ತದೆ, ಕೀ "ಇದ್ದೀನಿ" ಅನ್ನುತ್ತದೆ. ಉತ್ತರ ಬಂತು ಅಂದರೆ ಯಜಮಾನ ಹತ್ತಿರದಲ್ಲೇ ಇದ್ದಾನೆ ಅಂತ ಕಾರಿನ ನಂಬಿಕೆ.

ಈ ನಂಬಿಕೆಯೇ ಬಿರುಕು. 2011ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾದರಿ ಕಾರುಗಳನ್ನು ಪರೀಕ್ಷಿಸಿದರು. ಕಾರಿನ ಪ್ರಶ್ನೆಯನ್ನು ದೂರದಲ್ಲಿರುವ ಕೀಗೆ ಸಾಗಿಸಿ ಹತ್ತನ್ನೂ ತೆರೆದರು, ಸ್ಟಾರ್ಟ್ ಕೂಡ ಮಾಡಿದರು. ಗುಟ್ಟಿನ ಲೆಕ್ಕ ಮುರಿಯಲೇ ಇಲ್ಲ. ಕೀ ಮನೆಯೊಳಗೆ ಗೂಟಕ್ಕೆ ನೇತಾಡುತ್ತಿದ್ದರೂ ಕಾರಿಗೆ ಅದು ಪಕ್ಕದಲ್ಲೇ ಇದ್ದ ಹಾಗೆ ಕೇಳಿಸುತ್ತದೆ.

ಇದನ್ನು ಮಾವನಿಗೆ ವಿವರಿಸಿದಾಗ ಅವರು ಥಟ್ಟನೆ ಹಿಡಿದರು. "ನಮ್ಮ ಇಂಜಿನ್ ರೂಮೂ ಹಂಗೇ ಅಲ್ವಾ" ಅಂದರು. ವೈಂಡಿಂಗ್ ಡ್ರೈವರಿಗೆ ಸಾವಿರಾರು ಅಡಿ ಕೆಳಗಿರುವ ಕೇಜು ಕಾಣಿಸುವುದಿಲ್ಲ. ಕೇಳಿಸುವುದು ಗಂಟೆ ಮಾತ್ರ. ಇಷ್ಟು ಸಲ ಬಾರಿಸಿದರೆ ನಿಲ್ಲಿಸು, ಇಷ್ಟು ಸಲ ಬಾರಿಸಿದರೆ ಜನ ಹತ್ತಿದ್ದಾರೆ. "ಗಂಟೆ ಹೇಳ್ತು ಅಂತ ಸುಮ್ನೆ ಲಿವರ್ ಎಳೆಯೋಕಾಗಲ್ಲ ಅಳಿಯಂದ್ರೆ. ಆಳದ ಮುಳ್ಳೂ ನೋಡ್ಬೇಕು, ಡ್ರಮ್ಮಿನ ಮೇಲಿನ ಗುರುತೂ ನೋಡ್ಬೇಕು. ಮೂರೂ ಒಂದೇ ಮಾತು ಹೇಳಿದ್ರೆ ಮಾತ್ರ ಕೈ ಹಾಕ್ಬೇಕು. ಕೆಳಗಡೆ ಇರೋದು ಜನ."

ಇಷ್ಟು ದಿನ ಅವರು ಕಾರು ಸುತ್ತುವುದನ್ನು ಮುದುಕರ ಅನುಮಾನ ಅಂದುಕೊಂಡಿದ್ದೆ. ಅದು ಅನುಮಾನವಲ್ಲ, ಕಸುಬು.

ಕಾರು ತಯಾರಿಸುವವರೂ ಈಗ 'ಆಳದ ಮುಳ್ಳು' ಜೋಡಿಸುತ್ತಿದ್ದಾರೆ. ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದು ದೂರವನ್ನು ಲೆಕ್ಕ ಹಾಕುವ ಹೊಸ ಬಗೆಯ ಕೀಗಳು ಬಂದಿವೆ. ರೇಡಿಯೋ ಅಲೆ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಲ್ಲಿ ಓಡುವುದು ಸುಮಾರು 30 ಸೆಂಟಿಮೀಟರ್. ದೂರದಿಂದ ಸಾಗಿಸಿ ತಂದ ಉತ್ತರ ತಡವಾಗಿ ಬಂದು ಸಿಕ್ಕಿಬೀಳುತ್ತದೆ. ಬೆರಳಚ್ಚು ನೋಡಿ ಬಾಗಿಲು ತೆರೆಯುವ ಕಾರೂ ಬಂದಿದೆ. 1930ರ ಮುಷ್ಕರದ ವಿಷಯ ಈಗ ಕಾರಿನ ಹಿಡಿಗೆ ಬಂದು ಕೂತಿದೆ ನೋಡಿ! ವ್ಯತ್ಯಾಸ ಇಷ್ಟೇ, ಅವತ್ತು ಬೆರಳು ಕೊಡು ಅಂದದ್ದು ಕಂಪನಿ, ಇವತ್ತು ನಾವಾಗಿಯೇ ಕೊಡುತ್ತೇವೆ.

ಹಾಗಾದರೆ ಬೀಗ ಹಾಕುವುದು ಹೇಗೆ?

ನಾನು ಕಲಿತದ್ದನ್ನು ಸುಮ್ಮನೆ ಪಟ್ಟಿ ಮಾಡುತ್ತೇನೆ.

1. ಒತ್ತಿ, ನಿಂತು, ನೋಡಿ. ಇಂಡಿಕೇಟರ್ ಮಿನುಗಬೇಕು, 'ಟಕ್' ಅಂತ ಬೀಗ ಬಿದ್ದ ಸದ್ದು ಕೇಳಬೇಕು, ಆಮೇಲೆ ಹಿಡಿ ಎಳೆದು ನೋಡಬೇಕು. ಕೀ ಜೇಬಿನಲ್ಲಿದ್ದರೆ ತೆರೆದುಕೊಳ್ಳುವ ಕಾರಾದರೆ ನೀವು ಎಳೆದಾಗ ತೆರೆಯುವುದು ಸಹಜ. ಆಗ ಕೀ ಇಲ್ಲದವರು, ಕೀಯಿಂದ ನಾಲ್ಕೈದು ಹೆಜ್ಜೆ ದೂರದಲ್ಲಿ, ಎಳೆದು ನೋಡಲಿ.

2. ರಿಮೋಟ್ ಕೆಲಸ ಮಾಡದಿದ್ದರೆ ಅಲ್ಲಿಂದ ಹೊರಡಬೇಡಿ. ಬ್ಯಾಟರಿ ಮುಗಿದಿರಬಹುದು, ಯಾರೋ ತಡೆಯುತ್ತಿರಬಹುದು. ಬಹುತೇಕ ರಿಮೋಟುಗಳ ಹೊಟ್ಟೆಯಲ್ಲಿ ಲೋಹದ ಕೀ ಇರುತ್ತದೆ, ಡ್ರೈವರ್ ಬಾಗಿಲಲ್ಲಿ ಅದರ ತೂತು ಇರುತ್ತದೆ (ಕೆಲವದರಲ್ಲಿ ಮುಚ್ಚಳದ ಕೆಳಗೆ). ಅದನ್ನು ಒಂದು ಸಲ ಮನೆಯಲ್ಲೇ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳಿ. ಸಂಶಯ ಬಂದರೆ ಗಾಡಿಯನ್ನು ಬೇರೆ ಕಡೆ ನಿಲ್ಲಿಸಿ.

3. ಡಿಕ್ಕಿ, ಕಿಟಕಿ, ಸನ್‌ರೂಫ್ ಮರೆಯಬೇಡಿ.

4. ಮನೆಯಲ್ಲಿ ಕೀಯನ್ನು ಬೀದಿ ಬಾಗಿಲ ಪಕ್ಕದ ಗೂಟಕ್ಕೆ ಹಾಕಬೇಡಿ. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ ಸಾಕಾಗಬಹುದು. ಆದರೆ ನಂಬುವ ಮುಂಚೆ ಪರೀಕ್ಷಿಸಿ: ಕೀಯನ್ನು ಡಬ್ಬಿಯಲ್ಲಿಟ್ಟು ಕಾರಿನ ಪಕ್ಕಕ್ಕೇ ಹೋಗಿ ಹಿಡಿ ಮುಟ್ಟಿ. ತೆರೆದರೆ ಆ ಡಬ್ಬಿ ಪ್ರಯೋಜನವಿಲ್ಲ. ಈ ಸೌಲಭ್ಯವನ್ನೇ ಆಫ್ ಮಾಡುವ ವ್ಯವಸ್ಥೆ ಇದ್ದರೆ ಅದೇ ಉತ್ತಮ.

5. ಎರಡನೇ ಕೀ ಎಲ್ಲಿದೆ ಅಂತ ಈಗಲೇ ಎದ್ದು ನೋಡಿ. ಕಾರು ಕಳುವಾದರೆ ಇನ್ಶೂರೆನ್ಸಿನವರು ಸಾಮಾನ್ಯವಾಗಿ ಎರಡೂ ಕೀ ಕೇಳುತ್ತಾರೆ. ಹಳೆಯ ಕಾರು ಕೊಂಡರೆ, ಕಳೆದ ಕೀಗಳನ್ನು ಕಾರಿನ ನೆನಪಿನಿಂದ ಅಳಿಸಿ ಹೊಸದಾಗಿ ಜೋಡಿಸಿಕೊಡುವಂತೆ ಕೇಳಿ. ನಮ್ಮದು ಮೂರು ರಾಜ್ಯಗಳು ಕೂಡುವ ಅಂಚು. ಒಂದು ಗಂಟೆಯೊಳಗೆ ಗಾಡಿ ಆಂಧ್ರಕ್ಕೋ ತಮಿಳುನಾಡಿಗೋ ಹೋಗಿಬಿಡುತ್ತದೆ. (ರಾಜ್ಯದ ಗಡಿ ದಾಟಿಸುವ ಕಾರುಕಳ್ಳರಿಗೆಂದೇ ಅಮೆರಿಕದವರು 1919ರಲ್ಲೇ ಕಾನೂನು ಮಾಡಿದ್ದರು.) ಕೊಳ್ಳುವ ಮುಂಚೆ ಎನ್‌ಸಿಆರ್‌ಬಿಯ ವಾಹನ್ ಸಮನ್ವಯದಲ್ಲಿ ಅದು ಕದ್ದ ಮಾಲಲ್ಲ ಅಂತ ನೋಡಿಕೊಳ್ಳಿ.

6. ಬಾಗಿಲಿನ ಬೀಗ ಒಂದೇ ಸಾಲದು. 2023ರಲ್ಲಿ ಬಯಲಾದ ಒಂದು ವಿಧಾನದಲ್ಲಿ ಕಳ್ಳರು ಹೆಡ್‌ಲೈಟಿನ ವೈರಿನ ಮೂಲಕ ಕಾರಿನ ಒಳಜಾಲಕ್ಕೇ ಕೈ ಹಾಕಿ ಬೀಗವನ್ನು ಕೇಳದೆಯೇ ತೆರೆಸುತ್ತಿದ್ದರು. ಸ್ಟೀರಿಂಗಿಗೆ ಅಥವಾ ಗೇರಿಗೆ ಕಣ್ಣಿಗೆ ಕಾಣುವಂಥ ಕಬ್ಬಿಣದ ಲಾಕು ಹಾಕುವುದು ಹಳೇ ಕಾಲದ್ದು ಅನಿಸಿದರೂ ರೇಡಿಯೋದಿಂದ ಅದನ್ನು ತೆರೆಯಲಾಗುವುದಿಲ್ಲ.

7. ಬೀಗ ಹಾಕುವ ಮುಂಚೆ ಹಿಂದಿನ ಸೀಟು ನೋಡಿ. ಬ್ಯಾಗಿಗಾಗಿ ಮಾತ್ರವಲ್ಲ, ಮಗುವಿಗಾಗಿ. ಬಿಸಿಲಲ್ಲಿ ನಿಂತ ಕಾರು ನಿಮಿಷಗಳಲ್ಲಿ ಒಲೆಯಾಗುತ್ತದೆ. ಮಕ್ಕಳ ಕೈಗೆ ಕೀ ಆಟಕ್ಕೂ ಕೊಡಬೇಡಿ.

8. ಒರಿಜಿನಲ್ ಕಾಗದ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಇದು ಎಲ್ಲಕ್ಕಿಂತ ಮೊದಲು ಬರೆಯಬೇಕಿತ್ತು.

ಕಾರಿನ ಬೀಗದ ನೂರು ವರ್ಷದ ಕಥೆಯನ್ನು ಒಟ್ಟಿಗೆ ನೋಡಿದರೆ ಬೀಗ ಒಡೆದವರಿಗಿಂತ ಬೀಗವನ್ನು ನಂಬಿಸಿದವರೇ ಹೆಚ್ಚು. ಹಲ್ಲನ್ನು ನಂಬುವ ಬೀಗಕ್ಕೆ ಹಲ್ಲು ತೋರಿಸಿದರು, ನಂಬರನ್ನು ನಂಬುವುದಕ್ಕೆ ನಂಬರು ಕೇಳಿಸಿದರು, ಹತ್ತಿರವಿದ್ದೀಯ ಅಂದದ್ದಕ್ಕೆ ದೂರದಿಂದಲೇ ಹೂಂ ಅನ್ನಿಸಿದರು. ನಮ್ಮ ಕಾರಿನ ಬೀಗ ಯಾವುದನ್ನು ನಂಬುತ್ತದೆ ಅಂತ ತಿಳಿದುಕೊಂಡು, ಅದು ಹೇಳಿದ್ದನ್ನು ಇನ್ನೊಂದು ಸಲ ನಾವೇ ನೋಡುವುದು, ಸದ್ಯಕ್ಕೆ ಇರುವ ಉಪಾಯ ಇಷ್ಟೇ.

ಮಾವನ ಕಾಗದಗಳು ಸಿಗಲಿಲ್ಲ. ನಕಲು ಪ್ರತಿಗಳಿಗೆ ಅರ್ಜಿ ಹಾಕಿ ಓಡಾಡುತ್ತಿದ್ದೇವೆ, ಒಂದೆರಡು ಕೈಗೆ ಬಂದಿವೆ. ಮೊನ್ನೆ ಬಂಗಾರಪೇಟೆ ಸ್ಟೇಷನ್ ಹತ್ತಿರ ಪಾನಿಪುರಿ ತಿನ್ನಲು ಇಳಿದೆವು. ನಾನು ರಿಮೋಟ್ ಒತ್ತಿ ಕೀಯನ್ನು ಹೆಂಡತಿ ಕೈಗೆ ಕೊಟ್ಟೆ. ಅವಳು ಅಂಗಡಿ ಕಡೆ ಹೋದಳು. ನಾನು ಎಡಗಡೆಯ ಎರಡು ಬಾಗಿಲು ಎಳೆದು ನೋಡಿದೆ, ಮಾವ ಬಲಗಡೆಯ ಎರಡು. ಡಿಕ್ಕಿ ಹತ್ತಿರ ಇಬ್ಬರೂ ಎದುರಾದೆವು.

"ಬಿದ್ದಿದೆ ಮಾವ" ಅಂದೆ.

"ಹೂಂ, ನಡೀರಿ" ಅಂದರು, ಡಿಕ್ಕಿಯನ್ನೂ ಒಂದ್ಸಲ ಎತ್ತಿ ನೋಡಿ.